ಶಲಬಿಯ ಕೋಳಿಗಳು ಕೂರುತ್ತಿದ್ದ ಜಾವಾ

ಮಿತ್ವಲ್ಲಿಯ ಕತ್ತೆ ಸತ್ತ ದಿನ ನಮ್ಮ ಕಾಲುವೆ ದಂಡೆಯ ಊರಲ್ಲಿ ಜನ ಅತ್ತಷ್ಟು ನನ್ನ ಗಂಡ ಸತ್ತಾಗಲೂ ಅಳಲಿಲ್ಲ. ನಾನೊಬ್ಬಳೇ ಅರ್ಧ ಬಕೆಟ್ ಕಣ್ಣೀರು ಸುರಿಸಿದೆ. ಇಪ್ಪತ್ತೆರಡು ವರ್ಷ ಆ ಕತ್ತೆ ಮಿತ್ವಲ್ಲಿಯನ್ನೂ ಅವನ ಹತ್ತಿ ಹಿಂಜುವ ಬಿಲ್ಲನ್ನೂ ಹೊತ್ತು ಊರೂರು ಸುತ್ತಿತ್ತು. ಅವನು ನಮ್ಮ ಕಡೆ ಉಳಿದಿರುವ ಒಬ್ಬನೇ ಪಿಂಜಾರ. ಮದುವೆ ಗೊತ್ತಾದರೆ ಹೆಣ್ಣಿನ ಮನೆಯಂಗಳದಲ್ಲಿ ಅವನು ಕೂತು ಬಿಲ್ಲು ಮೀಟಬೇಕು, ಹತ್ತಿ ಮೋಡದ ಹಾಗೆ ಏಳಬೇಕು, ಹೆಂಗಸರು ನಾಲಿಗೆ ಹೊರಳಿಸಿ ಕೂಗಬೇಕು. ಆಮೇಲೆಯೇ ಹಾಸಿಗೆ. ಅವನು ಹಿಂಜಿದ ಹಾಸಿಗೆಯಲ್ಲಿ ಮಲಗಿದವರನ್ನು ಎಬ್ಬಿಸಲು ಫಿರಂಗಿಯೇ ಬೇಕು.

ಕತ್ತೆ ಹೋದ ಮೇಲೆ ಬಿಲ್ಲು ಹೊರುವವರಿಲ್ಲ. ಅದು ಅವನಿಗಿಂತ ಎರಡು ಗೇಣು ಉದ್ದ. ವ್ಯಾನಿನವರು ದೂರದಿಂದ ನೋಡಿಯೇ ವೇಗ ಹೆಚ್ಚಿಸುತ್ತಿದ್ದರು. ಕಾಲುವೆಯಾಚೆ ಹದಿನೆಂಟು ಮೈಲಿ ದೂರದ ಊರಿನಲ್ಲಿ ಒಂದು ಮದುವೆಯ ಹತ್ತಿ ಕಾದಿತ್ತು. ಹೆಣ್ಣಿನ ತಾಯಿ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು: ಗುರುವಾರ ಮಧ್ಯಾಹ್ನದ ನಮಾಜಿನೊಳಗೆ ಬರಬೇಕು, ಇಲ್ಲವಾದರೆ ಪೇಟೆಯಿಂದ ಸ್ಪಂಜಿನ ಹಾಸಿಗೆ ತರಿಸುತ್ತೇವೆ.

"ಖಾಲಾ, ಇದೊಂದು ತಪ್ಪಿದ್ರೆ ಬಿಲ್ಲನ್ನ ಗೋಡೆಗೆ ನೇತಾಕಿ ಕೈರೋಗೆ ಹೋಗ್ಬಿಡ್ತೀನಿ," ಅಂದ ಮಿತ್ವಲ್ಲಿ. ಚಿಕ್ಕಮ್ಮನ ಹಾಗೆಂದು ಅವನು ನನ್ನನ್ನು ಖಾಲಾ ಅನ್ನುವುದು. "ನನ್ನ ಷಡ್ಡಕ ಒಂದು ಬಿಲ್ಡಿಂಗ್‌ನಲ್ಲಿ ಬಾಗಿಲು ಕಾಯೋ ಕೆಲಸ ನೋಡಿಟ್ಟಿದ್ದಾನೆ."

"ನೀನು ಬಾಗಿಲು ಕಾದ್ರೆ ಕಳ್ಳನಿಗೂ ಚಾ ಕಾಯಿಸಿಕೊಟ್ಟು ಕಳಿಸ್ತೀಯ," ಅಂದೆ. "ನಡಿ, ಶಲಬಿ ಹಿತ್ತಲಲ್ಲಿ ಒಂದು ಮೋಟರ್‌ಸೈಕಲ್ ಬಿದ್ದಿದೆ."

ಶಲಬಿ ಕಾಫಿ ಅಂಗಡಿಯವನು. ಮಾವ ಸತ್ತಾಗ ಬಂದ ಕೆಂಪು ಜಾವಾ ಒಂಬತ್ತು ವರ್ಷದಿಂದ ಅವನ ಹಿತ್ತಲಲ್ಲಿ ಕೋಳಿಗಳ ಸಿಂಹಾಸನವಾಗಿತ್ತು. ಹಿಕ್ಕೆಯಡಿ ಬಣ್ಣ ಹುಡುಕಲು ನೇಗಿಲು ಹೂಡಬೇಕಿತ್ತು. ಸೀಟಿನ ಹೊಟ್ಟೆಯಲ್ಲಿ ಎರಡು ಮೊಟ್ಟೆ, ಒಂದು ಇನ್ನೂ ಬೆಚ್ಚಗೆ.

"ನಾನು ಸುಳ್ಳು ಹೇಳಲ್ಲ," ಅಂದ ಶಲಬಿ. "ಇದಕ್ಕೆ ಕಿಕ್ಕೇ ಇಲ್ಲ. ನಮ್ಮ ಮಾವ ಎಲ್ಲೋ ಕಳಕೊಂಡಿದ್ದಾನೆ. ತಳ್ಳಿ ತಳ್ಳಿ ನನ್ನ ಸೊಂಟ ಹೋಯ್ತು. ಎರಡು ಕುರಿ ರೇಟು ಕೊಟ್ಟು ಎತ್ತಾಕ್ಕೊಂಡು ಹೋಗಿ."

ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಗಂಡ ನೀರಾವರಿಯ ತೂಬು ಕಾಯುವವನು. ಅವನ ಜಾವಾದ ಹಿಂದೆ ಮೂವತ್ತೊಂದು ವರ್ಷ ಕೂತವಳು ನಾನು. ಜಾವಾಕ್ಕೆ ಬೇರೆ ಕಿಕ್ ಇರುವುದಿಲ್ಲ. ಗೇರು ಹಾಕುವ ಕಡ್ಡಿಯನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್. ಗುಂಡಿ ಒತ್ತಿದರೆ ಓಡುವ ಗಾಡಿಗಳನ್ನು ಕಂಡವರಿಗೆ ಇದೆಲ್ಲಿ ತಿಳಿಯಬೇಕು?

"ಎರಡು ಕುರಿಯಾ?" ಅಂದೆ. "ಕಿಕ್ಕಿಲ್ಲದ ಗಾಡಿಗೆ ಒಂದು ಕುರಿ, ಅದೂ ಕಿವಿ ಕತ್ತರಿಸಿದ್ದು."

"ಹಜ್ಜಿಗೆ ಹೋಗಿ ಬಂದೋಳು ನೀನು, ಹೀಗಾ ಸುಲಿಯೋದು?"

"ಹಜ್ಜಿಂದ ಬಂದೋಳು ಅಂತಲೇ ಕುರಿ ಕೊಡ್ತಿರೋದು. ಇಲ್ದಿದ್ರೆ ಈ ಎರಡು ಮೊಟ್ಟೇನೂ ಸೇರಿಸಿ ಪುಕ್ಕಟೆ ಕೇಳ್ತಿದ್ದೆ."

ಒಂದೂವರೆ ಕುರಿಯ ಬೆಲೆಗೆ ವ್ಯಾಪಾರ ಕುದುರಿತು, ಮಿತ್ವಲ್ಲಿಯ ಜೇಬು ಬರಿದಾಯಿತು. ಗಾಡಿ ತಳ್ಳಿಕೊಂಡು ತಿರುವು ದಾಟಿದ್ದೇ ನಾನು ಆ ಕಡ್ಡಿ ತಿರುಗಿಸಿ ತೋರಿಸಿದೆ. ಮಿತ್ವಲ್ಲಿ ಅಲ್ಲೇ ನಿಂತುಬಿಟ್ಟ.

"ಖಾಲಾ, ಇದನ್ನ ಅವನಿಗೆ ಹೇಳ್ಬೇಕು."

"ಮೊದಲು ಗಾಡಿ ಓಡ್ಲಿ. ಓಡದಿರೋ ಗಾಡಿಯ ಕಿಕ್ಕನ್ನ ಹಲ್ಲು ಕಡ್ಡಿ ಮಾಡ್ಕೋತಾನಾ?"

ಐದು ದಿನ ಅವನು ನನ್ನ ಅಂಗಳದಲ್ಲಿ ಕೂತು ಆ ಯಂತ್ರವನ್ನು ಬಿಚ್ಚಿದ. ಮೆಕ್ಯಾನಿಕ್ ಹತ್ತಿರ ಹೋಗಲು ಕಾಸಿರಲಿಲ್ಲ, ಆದರೆ ಆ ಕೈ ನೋಡಬೇಕಿತ್ತು! ಟ್ಯಾಂಕಿಗೆ ಬೆಣಚುಕಲ್ಲೂ ಸೀಮೆಎಣ್ಣೆಯೂ ಹಾಕಿ ಮಗುವನ್ನು ತೂಗಿದ ಹಾಗೆ ತೂಗಿ ತುಕ್ಕು ಉದುರಿಸಿದ. ಕಾರ್ಬೊರೇಟರಿನ ಕೂದಲೆಳೆಯಂಥ ತೂತು ಕಟ್ಟಿಕೊಂಡಿತ್ತು. ಸೂಜಿ ಹಾಕು ಎಂದೆ. "ಸೂಜಿ ತೂತನ್ನ ಗೀರತ್ತೆ ಖಾಲಾ," ಎಂದು ಬಿಲ್ಲಿನ ಹಳೆಯ ಕರುಳಿನ ದಾರದಿಂದ ಒಂದೆಳೆ ಬಿಡಿಸಿ ತೂರಿಸಿದ. ಇಂಜಿನ್ನಿನಲ್ಲಿ ಕಿಡಿ ಹಾರುವ ಎರಡು ತುಟಿಗಳ ನಡುವೆ ಎಷ್ಟು ಸಂದು ಇರಬೇಕೆಂದು ನನ್ನ ಗಂಡ ಮದುವೆ ಕರೆಯೋಲೆಯ ಕಾಗದ ಸಿಕ್ಕಿಸಿ ನೋಡುತ್ತಿದ್ದ. ಹಾಗೆಂದು ಹೇಳಿದೆ. ಮಿತ್ವಲ್ಲಿ ಗುರುವಾರದ ಹುಡುಗಿಯ ಮದುವೆ ಕಾಗದವನ್ನೇ ಜೇಬಿನಿಂದ ತೆಗೆದ.

ಸೀಟಿಗೆ ಮಾತ್ರ ಒಂದಿಡೀ ದಿನ. ಹತ್ತಿಯನ್ನು ಮೂರು ಸಲ ಹಿಂಜಿ, ಪದರ ಪದರವಾಗಿ ಹಾಸಿ, ಉದ್ದ ಸೂಜಿಯಿಂದ ಹೊಲಿದ. ಆ ಹೊಲಿಗೆ ಕಂಡರೆ ಮಂತ್ರಿ ತನ್ನ ಕುರ್ಚಿ ಬಿಟ್ಟು ಬಂದು ಕೂರುತ್ತಿದ್ದ.

ಬುಧವಾರ ಸಂಜೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಕಿಕ್ ಹೊಡೆದ. ಹತ್ತನೇ ಒದೆತಕ್ಕೆ ಅದು ಕೆಮ್ಮಿತು, ಆಮೇಲೆ ಎದ್ದಿತು. ಮೂರೂರಿಗೆ ಕತ್ತಲಾಗುವಷ್ಟು ಹೊಗೆ. ಅಂಗಳದಲ್ಲಿ ನೆರೆದವರೆಲ್ಲ ಕುಣಿದರು. ಇವನು ಮಾತ್ರ ತಲೆ ವಾರೆ ಮಾಡಿ ಕೇಳುತ್ತಿದ್ದ.

"ಇನ್ನೂ ಗಂಟಿದೆ," ಅಂದ. ಹತ್ತಿಯಲ್ಲಿ ಬೀಜ ಉಳಿದರೆ ಬಿಲ್ಲಿನ ದನಿ ಒಡೆಯುತ್ತದಂತೆ, ಇದೂ ಹಾಗೇ ಅಂತೆ. ಒಂದು ತಿರುಪನ್ನು ಕಾಲು ಸುತ್ತು ತಿರುಗಿಸಿದ. ದನಿ ಬೆಣ್ಣೆಯಾಯಿತು. ಮೂವತ್ತೊಂದು ವರ್ಷ ನನ್ನ ಗಂಡನಿಗೆ ಬಾರದ ವಿದ್ಯೆ, ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಗುರುವಾರ ಬೆಳಿಗ್ಗೆ ಬೇಯಿಸಿದ ಅವರೆ, ರೊಟ್ಟಿ ತಿಂದು ಹೊರಟೆವು. ಹ್ಯಾಂಡಲ್ಲಿಗೆ ಸತ್ತ ಕತ್ತೆಯ ಕೊರಳ ನೀಲಿ ಮಣಿ ಕಟ್ಟಿದ್ದ. ಹಿಂದೆ ನಾನು ಒಂದೇ ಕಡೆ ಕಾಲು ಹಾಕಿ, ಬಿಲ್ಲನ್ನು ತಬ್ಬಿ ಕೂತೆ. ನಾನಿಲ್ಲದೆ ಬಿಲ್ಲು ಹಿಡಿಯುವವರಾರು? ಸೇತುವೆಯ ಕಡೆ ಹೋಗಬೇಕಾದವನು ಕಾಫಿ ಅಂಗಡಿಯ ಮುಂದೆ ನಿಲ್ಲಿಸಿದ.

"ಲೋ, ನಿನಗೇನು ತಲೆ ಕೆಟ್ಟಿದೆಯಾ? ಅವನು ಗಾಡಿ ಕಿತ್ಕೊಂಡ್ರೆ?"

"ಕಿತ್ಕೊಳ್ಳಲಿ. ಗೊತ್ತಿದ್ದೂ ಬಾಯಿ ಮುಚ್ಕೊಂಡು ಹೋದ್ರೆ ನನ್ನ ಹತ್ತಿಯಲ್ಲೇ ಬೀಜ ಇರತ್ತೆ ಖಾಲಾ."

ಇಳಿದು ಶಲಬಿಯನ್ನು ಕರೆದ. ಕಡ್ಡಿಯನ್ನು ಒತ್ತಿದ, ತಿರುಗಿಸಿದ, ಒದ್ದ. ಒಂದೇ ಒದೆತ. ಡಾಮಿನೋ ಆಡುತ್ತಿದ್ದವರ ಕೈಗಳು ಹಾಗೇ ಮೇಲೆ ನಿಂತವು.

"ಕಿಕ್ ಇಲ್ಲೇ ಇತ್ತು ಶಲಬಿ ಮಾಮ. ಕಿಕ್ ಇಲ್ಲ ಅಂತ ನೀನು ಕಮ್ಮಿಗೆ ಕೊಟ್ಟೆ. ಬೇಕಿದ್ರೆ ವಾಪಸ್ ತಗೋ, ನನ್ನ ದುಡ್ಡು ಕೊಡು."

ಶಲಬಿ ನನ್ನ ಕಡೆ ತಿರುಗಿದ. "ನಿಂಗೊತ್ತಿತ್ತಾ ಮುದುಕಿ?"

"ನಂಗೆ ಕಣ್ಣು ಮಂಜು ಕಣಪ್ಪಾ," ಅಂದೆ. ಇಡೀ ಅಂಗಡಿ ನಕ್ಕಿತು, ಅವನೊಬ್ಬ ನಗಲಿಲ್ಲ.

ಶಲಬಿ ನನ್ನನ್ನು ಇಳಿಸಿ ತಾನೇ ಹತ್ತಿದ. ಗಾಡಿ ತೂಬಿನ ಕಡೆ ಹೋಯಿತು. ಮಿತ್ವಲ್ಲಿ ಬಿಲ್ಲು ಹಿಡಿದು ಕಂಬದ ಹಾಗೆ ನಿಂತಿದ್ದ. ಬಿಸಿಲು ಏರುತ್ತಿತ್ತು. ನಮಾಜಿಗೆ ಮುನ್ನ ಹದಿನೆಂಟು ಮೈಲಿ.

ಶಲಬಿ ಬಂದ, ಆದರೆ ಇಳಿಯಲಿಲ್ಲ. ಸೀಟಿನ ಮೇಲೆ ಹಿಂದಕ್ಕೂ ಮುಂದಕ್ಕೂ ಅಲುಗಾಡಿದ, ಕೈಯಿಂದ ಒತ್ತಿದ.

"ಇದರೊಳಗೆ ಏನು ತುಂಬಿದ್ದೀಯ?"

"ಹತ್ತಿ. ಮೂರು ಸಲ ಹಿಂಜಿದ್ದು."

"ಏಳು ವರ್ಷದಿಂದ ನಾನು ಕಲ್ಲಿನಂಥ ಹಾಸಿಗೆ ಮೇಲೆ ಹೊರಳಾಡ್ತಿದ್ದೀನಿ. ಸ್ಪಂಜು ತಂದೆ, ಅದೂ ರೊಟ್ಟಿಯಾಯ್ತು." ಇಳಿದು ಹ್ಯಾಂಡಲ್ ಅವನ ಕೈಗೆ ಕೊಟ್ಟ. "ಗಾಡಿ ನಿಂದೇ. ಬರೋ ವಾರ ಬಂದು ನನ್ನ ಹಾಸಿಗೆ ಹಿಂಜಿಕೊಡು, ಲೆಕ್ಕ ಚುಕ್ತಾ. ಆ ಮುದುಕೀನ ಮಾತ್ರ ಕರ್ಕೊಂಡು ಬರಬೇಡ, ನನ್ನ ದಿಂಬೂ ಉಳಿಯಲ್ಲ."

ದಾರಿಯುದ್ದಕ್ಕೂ ನಾನು ಮಿತ್ವಲ್ಲಿಯನ್ನು ಬೈದೆ. ಬೈಯುತ್ತ ಬೈಯುತ್ತ ಅವನ ಬೆನ್ನನ್ನೇ ನೋಡುತ್ತಿದ್ದೆ. ತೆಳ್ಳನೆ ಬೆನ್ನು, ಆದರೆ ನೆಟ್ಟಗಿತ್ತು. ನಮ್ಮ ಹೊಗೆ ನಮಗಿಂತ ಮೊದಲು ಆ ಊರು ಮುಟ್ಟಿರಬೇಕು, ಹೆಂಗಸರು ಬೀದಿಗೆ ಬಂದು ನಿಂತಿದ್ದರು. ನಮಾಜಿನ ಕರೆ ಇನ್ನೂ ಆಗಿರಲಿಲ್ಲ. ಅವನು ಬಿಲ್ಲು ತೆಗೆದುಕೊಂಡು ಓಡಿದ. ಅಂಗಳದಲ್ಲಿ ಬಿಲ್ಲಿನ ದನಿ ಎದ್ದಿತು, ಹತ್ತಿ ಎದ್ದಿತು, ಹೆಂಗಸರ ಕೂಗು ಎದ್ದಿತು.

ನನ್ನನ್ನು ಇಳಿಸಿಕೊಳ್ಳಲು ಇಬ್ಬರು ಬಂದರು. "ಕಾಲು ನೋವಾ ಅಜ್ಜಿ?" ಅಂದರು.

"ಏನೂ ನೋವಿಲ್ಲ. ಚಾ ಇಲ್ಲಿಗೇ ತನ್ನಿ," ಅಂದೆ. ಆ ಸೀಟಿನಿಂದ ಯಾರು ಇಳಿಯುತ್ತಾರೆ?