ಈಜಿಪ್ಟಿನ ಅವರೆಕಾಳು

ಬೆಂದ ಅವರೆಕಾಳನ್ನು ಸೌಟಿನ ಬೆನ್ನಿನಿಂದ ಮಸೆದು, ಜೀರಿಗೆ ಉದುರಿಸಿ, ಮೇಲೆ ಕಡ್ಲೆಕಾಯಿ ಎಣ್ಣೆ ಬಿಟ್ಟ ನಾಗರತ್ನ ಅಲ್ಲಿಗೇ ಕೈ ತಡೆದಳು. ಇನ್ನೊಂದು ಬಾಕಿಯಿತ್ತು. ಅದನ್ನು ಬೇಕೆಂದೇ ಬಿಟ್ಟಳು.

"ಇವತ್ತು ಯಾವ ದೇಶದ್ದೇ?" ಬಾಗಿಲಲ್ಲಿ ಅತ್ತೆ ಚಿಕ್ಕಗಂಗಮ್ಮ.

"ಈಜಿಪ್ಟಿಂದು, ಅತ್ತೆ."

"ಅಲ್ಲಿಯೋರೂ ಬೆಳಿಗ್ಗೆದ್ದು ಕಾಳೇ ತಿಂತಾರಾ? ಹಂಗಾದ್ರೆ ನಮ್ ನೆಂಟ್ರೇ ಬುಡು."

ಹಡಗಿನಲ್ಲಿ ಅಡುಗೆಯವನಾಗಿದ್ದ ಬೀರೇಶ ರಜಕ್ಕೆ ಬಂದಾಗಲೆಲ್ಲ, ರೊಟ್ಟಿ ತಟ್ಟುವ ಹೆಂಡತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಯಾವ ದೇಶದ ಜನ ಬೆಳಿಗ್ಗೆ ಏನು ತಿನ್ನುತ್ತಾರೆ ಅಂತ ಹೇಳುತ್ತಿದ್ದ. ಅವಳೊಬ್ಬಳಿಗೇ. ಹೋದ ವರ್ಷ ಬಿಳಿಗೆರೆಯ ಎಸ್‌ಟಿಡಿ ಬೂತಿಗೆ ಫೋನು ಬಂತು. ಹಡಗು ಮುಳುಗಿತ್ತು. ಹೆಣ ಸಿಗಲಿಲ್ಲ.

ಚಿಕ್ಕಗಂಗಮ್ಮ ಮಗನಿಗೆ ಎಡೆಯಿಟ್ಟಳು. ಮುದ್ದೆ, ಕೋಳಿಸಾರು, ಒಬ್ಬಟ್ಟು. ಒಂದು ಕಾಗೆಯೂ ಮುಟ್ಟಲಿಲ್ಲ. ತೆಂಗಿನ ಗರಿಗಳ ಮೇಲೆ ಕೂತು ಸುಮ್ಮನೆ ನೋಡಿದವು.

"ಊರೂರು ಉಂಡ ನಾಲಿಗೆ, ನಮ್ಮೂಟ ಹಿಡಿಸ್ತಿಲ್ಲ. ಹಸ್ಕಂಡು ಅಲೀತವ್ನೆ ನನ್ ಮಗ."

ಆಮೇಲೆ ಶುರುವಾಯಿತು ದೇಶಕ್ಕೊಂದು ತಿಂಡಿ. ಜಪಾನಿನ ಅನ್ನ, ಸುಟ್ಟ ಮೀನು. ಟರ್ಕಿಯ ಮೊಟ್ಟೆ, ಸೌತೆಕಾಯಿ. ಆಲಿವ್ ಕಾಯಿ ತಿಪಟೂರು ಸಂತೆಯಲ್ಲಿ ಎಲ್ಲಿ ಸಿಗಬೇಕು, ಉಪ್ಪುನೀರಲ್ಲಿ ನೆನೆದ ನೆಲ್ಲಿಕಾಯಿ. ಪ್ರತಿ ಎಡೆಯಲ್ಲೂ ಅವನು ಹೇಳಿದ್ದರಲ್ಲಿ ಒಂದನ್ನು ನಾಗರತ್ನ ಗುಟ್ಟಾಗಿ ಹಾಕದೆ ಬಿಡುತ್ತಿದ್ದಳು, ಅವನಿಗೆ ಗುರುತು ಹತ್ತಬಾರದು ಅಂತ. ಕಾಗೆ ಮುಟ್ಟುವ ತನಕ ಗಂಡ ಸತ್ತಿಲ್ಲ.

ಇವತ್ತಿನ ಎಲೆಯನ್ನು ಬಾವಿಕಟ್ಟೆಯ ಮೇಲಿಟ್ಟರು. ತೋಟದಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ. ಚಿಕ್ಕಗಂಗಮ್ಮ ಸೆರಗಿನ ಗಂಟಿನಿಂದ ನಿಂಬೆಹೋಳು ತೆಗೆದು ಕಾಳಿನ ಮೇಲೆ ಹಿಂಡಿದಳು.

ನಾಗರತ್ನ ಬಿಟ್ಟಿದ್ದು ಅದನ್ನೇ.

"ನಿಂಬೆಹಣ್ಣು ಅಂತ ನಿಮಗ್ಯಾರು ಹೇಳಿದ್ರು, ಅತ್ತೆ?"

"ಅವನೇ ಕಣೇ. ಬೆಳಗಿನ ಜಾವ ಕನಸ್ನಾಗೆ ಬಂದಿದ್ದ. ಮೈಯೆಲ್ಲ ಒದ್ದೆ. 'ಹುಳಿ ಹಿಂಡವ್ವ, ಅವಳು ಹಿಂಡಲ್ಲ' ಅಂದ."

ಸದ್ದಿಲ್ಲದೆ ಒಂದು ಕಾಗೆ ಇಳಿಯಿತು. ಎಲೆಯ ಸುತ್ತ ನಡೆದು, ನಾಗರತ್ನಳ ಕಡೆ ಕತ್ತು ಓರೆ ಮಾಡಿ ನೋಡಿ, ಕೊಕ್ಕು ಹಾಕಿತು. ಅದರ ರೆಕ್ಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆ ಬಂದು ತಿಂಗಳಾಗಿತ್ತು.

"ತಿಂದ! ನನ್ ಕಂದ ತಿಂದ!" ಚಿಕ್ಕಗಂಗಮ್ಮ ಅಳುತ್ತಲೇ ಪಾತ್ರೆಯಿಂದ ಒಂದು ತುತ್ತು ತೆಗೆದು ಸೊಸೆಯ ಬಾಯಿಗೆ ಹಿಡಿದಳು. "ತಗೋ ಮಗ. ಕಾಗೆ ಮುಟ್ಟಿದ ಮೇಲೆ ಮನೆಯೋರು ತಿನ್ಬೇಕು. ನೀನು ತಿಂದ್ರೇನೇ ಅವನು ಹೋಗೋದು."

ನಾಗರತ್ನ ಕಾಗೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ನಾನು ತಿನ್ನಲ್ಲ," ಅಂದಳು.