ಮೊದಲ ಪರದೆ

"ಬಂತಾ?" ರಸ್ತೆಯಿಂದ ಕಣ್ಣು ಕೀಳದೆ ಅಕ್ಕ ಕೇಳಿದಳು.

"ಬರ್ತಾ ಇದೆ," ಎಂದಳು ತಂಗಿ. ಬಂದಿರಲಿಲ್ಲ. ಅಕ್ಕನ ಫೋನಿನ ಪರದೆ ಬೆಳ್ಳಗಿತ್ತು. ನಡುವೆ ಕಂಪನಿಯ ಲಾಂಛನ ಗಿರಗಿರ ತಿರುಗುತ್ತಿತ್ತು.

ಅಕ್ಕ ಆಂಬುಲೆನ್ಸ್ ಓಡಿಸುವವಳು. ಕರೆದವರ ವಿಳಾಸ ತೋರಿಸುವ ಆ ಆಪ್ ತಂಗಿಯ ಕೈಕೆಲಸ. ಹೊಸ ಆವೃತ್ತಿ ಹೇಗೆ ನಡೆಯುತ್ತದೆಂದು ನೋಡಲು ಇವತ್ತು ಪಕ್ಕದ ಸೀಟಿನಲ್ಲಿ ಬಂದು ಕೂತಿದ್ದಳು. ಆಪ್ ತೆರೆದ ಕೂಡಲೇ ಏನೇನು ನಡೆಯಬೇಕೆಂಬ ಕೋಡ್ ಬರೆದವಳೂ ಅವಳೇ: ಊರಿನ ನಕ್ಷೆ ಇಳಿಯಲಿ, ಚಾಲಕರ ಫೋಟೊ ಬರಲಿ, ಹಳೆಯ ಕರೆಗಳೆಲ್ಲ ಬರಲಿ, ಆಮೇಲೆ ವಿಳಾಸ. ಆಫೀಸಿನಲ್ಲಿ ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು. ಇಲ್ಲಿ, ಸೇತುವೆಯ ಕೆಳಗೆ, ಸಿಗ್ನಲ್ ಕುಂಟುತ್ತಿತ್ತು.

"ಎಡಕ್ಕಾ, ಬಲಕ್ಕಾ? ಮಗೂಗೆ ಉಸಿರು ಸಿಕ್ತಿಲ್ವಂತೆ ಕಣೇ!"

"ಒಂದ್ನಿಮಿಷ ಅಕ್ಕಾ..."

"ಏನು, ನಿನ್ನ ಆಪ್ ಸ್ನಾನ ಮಾಡಿ, ತಲೆ ಬಾಚ್ಕೊಂಡೇ ಹೊರಗೆ ಬರೋದಾ?"

ಅಕ್ಕ ವೈರ್‌ಲೆಸ್ ಎತ್ತಿ ಕಂಟ್ರೋಲ್ ರೂಮಿಗೆ ಕೂಗಿದಳು. ಅಲ್ಲಿಂದ ಗೊರಗೊರ ದನಿಯೊಂದು ದಾರಿ ಹೇಳಿತು. ಗಾಡಿ ಬಲಕ್ಕೆ ಹೊರಳಿತು. ಗಲ್ಲಿಯ ಬಾಯಲ್ಲೇ ತಾಯಿಯೊಬ್ಬಳು ಮಗುವನ್ನು ಎದೆಗವುಚಿಕೊಂಡು ಎದುರು ಓಡಿ ಬರುತ್ತಿದ್ದಳು. ಮಗುವಿನ ತುಟಿ ನೀಲಿಗಟ್ಟಿತ್ತು. ಇಬ್ಬರನ್ನೂ ಹಿಂದೆ ಹತ್ತಿಸಿಕೊಂಡರು. ಆಸ್ಪತ್ರೆ ಬರುವವರೆಗೂ ತಂಗಿ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಗಾಡಿ ನಿಂತಿತು. ಮಗುವನ್ನು ಒಳಗೆ ಒಯ್ದರು. ತಂಗಿ ಕೂರಲಾಗದೆ ಇಳಿದಳು, ನಿಲ್ಲಲಾಗದೆ ಹತ್ತಿದಳು. ಕೊನೆಗೆ ಲ್ಯಾಪ್‌ಟಾಪ್ ತೆರೆದು, ಅಕ್ಕನ ಫೋನಿಗೆ ಕೇಬಲ್ ಸಿಕ್ಕಿಸಿ, ತಾನು ಬರೆದ ಕೋಡಿನಲ್ಲಿ ವಿಳಾಸದ ಸಾಲನ್ನು ಎಲ್ಲಕ್ಕಿಂತ ಮೇಲಿಟ್ಟು, ಉಳಿದವನ್ನು ಒಂದೊಂದಾಗಿ ಕೆಳಗೆ ತಳ್ಳತೊಡಗಿದಳು. ಮ್ಯಾನೇಜರ್‌ಗೆ ತಾನೇ ಫೋನ್ ಮಾಡಿ ವಿಷಯ ತಿಳಿಸಿದಳು.

"ಲಾಂಛನಾನೂ ತೆಗಿತೀಯಾ? ಮೇಲಿನವ್ರು ಒಪ್ಪಲ್ಲಮ್ಮಾ."

"ಮೇಲಿನವ್ರನ್ನ ಒಂದಿನ ಈ ಗಾಡೀಲಿ ಕೂರ್ಸಿ ಸಾರ್. ಆಮೇಲೆ ಮಾತಾಡೋಣ."

ಬಾಗಿಲು ತಳ್ಳಿಕೊಂಡು ನರ್ಸ್ ಹೊರಬಂದಳು. "ಅಳ್ತಾ ಇದೆ," ಎಂದಳು. "ಆಸ್ಪತ್ರೆ ಕಿತ್ತೋಗೋ ಹಾಗೆ ಅಳ್ತಾ ಇದೆ."

ಅಕ್ಕ ಸ್ಟಿಯರಿಂಗಿಗೆ ಹಣೆ ಒರಗಿಸಿದಳು. ತಂಗಿ ಮೂಗೊರೆಸಿಕೊಂಡು ಮತ್ತೆ ಕೀಲಿಮಣೆಗೆ ಕೈ ಹಾಕಿದಳು. ಆಪ್ ಮುಚ್ಚಿದಳು, ತೆರೆದಳು, ಮುಚ್ಚಿದಳು, ತೆರೆದಳು.

ಅಷ್ಟರಲ್ಲಿ ಮುಂದಿನ ಕರೆ ಬಂತು. ಅಕ್ಕ ಫೋನಿನ ಮೇಲೆ ಬೆರಳಿಟ್ಟಳು. ನಕ್ಷೆಯಿಲ್ಲ, ಫೋಟೊ ಇಲ್ಲ. ಬರೀ ದಪ್ಪಕ್ಷರದಲ್ಲಿ ಬೀದಿ, ಮನೆ ನಂಬರು.

"ಇಳಿ," ಎಂದಳು ಅಕ್ಕ, ಫೋನ್ ಕಿತ್ತುಕೊಳ್ಳುತ್ತ.

ಗಾಡಿ ಗೇಟು ದಾಟಿತು. ತಂಗಿ ಲ್ಯಾಪ್‌ಟಾಪ್ ಅವುಚಿಕೊಂಡು ಅಂಗಳದಲ್ಲೇ ನಿಂತಿದ್ದಳು. ಕೇಬಲ್ಲಿನ ಖಾಲಿ ತುದಿ ಅವಳ ಮೊಣಕಾಲಿನ ಹತ್ತಿರ ತೂಗಾಡುತ್ತಿತ್ತು.