ಬಲಗಾಲಿಗೆ ಬೂಟು, ಎಡಗಾಲಿಗೆ ಚಪ್ಪಲಿ

ಹೊಸ ಬೂಟು ಬಾಗಿಲ ಹಿಂದೆ, ಹಳೇ ಚಪ್ಪಲಿ ಕಾಲಲ್ಲಿ. ಬೈಕ್ ಇರುವ ಎಷ್ಟೋ ಮನೆಗಳ ಕಥೆ ಇದೇ. ನಮ್ಮ ಲಿಫ್ಟ್ ಮೆಕ್ಯಾನಿಕ್ ಮಾತ್ರ ಎರಡಕ್ಕೂ ರಾಜಿ ಮಾಡಿಸಿದ್ದ. ಬಲಗಾಲಿಗೆ ಬೂಟು, ಎಡಗಾಲಿಗೆ ಚಪ್ಪಲಿ ಹಾಕಿಕೊಂಡು ಊರೆಲ್ಲ ಗಾಡಿಯಲ್ಲಿ ಸುತ್ತುತ್ತಿದ್ದ. ಬೀದಿಯವರು 'ಒಂಟಿಬೂಟು' ಎಂದು ಅಡ್ಡಹೆಸರಿಟ್ಟು ನಕ್ಕರೇ ಹೊರತು, ಯಾಕಪ್ಪಾ ಹೀಗೆ ಎಂದು ಒಬ್ಬರೂ ಕೇಳಲಿಲ್ಲ.

ಕೇಳುವವರಾದರೂ ಯಾರು? ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನೊಬ್ಬನೇ. ಕೆಲಸವೂ ಅಂಥದ್ದೇ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಬಾಗಿಲು ತೆರೆಯುವ ತನಕ "ಅಣ್ಣಾ, ದೇವರು ಬಂದಂಗೆ ಬಂದೆ" ಎಂದು ಒಳಗಿನಿಂದಲೇ ಗೋಗರೆಯುತ್ತಾರೆ. ತೆರೆದ ಮೇಲೆ ಬ್ಯಾಗು ಎತ್ತಿಕೊಂಡು ನಡೆದೇಬಿಡುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಅವನು ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಮುಂದಿನ ಕಟ್ಟಡದ ದಾರಿ ಹಿಡಿಯುತ್ತಾನೆ.

ದಿನಾ ಸಂಜೆ ಒಂದು ಫೋನ್ ಬರುತ್ತಿತ್ತು. ದೂರದ ಊರಿನಲ್ಲಿರುವ ಅಕ್ಕನದು. ಹೋದ ವರ್ಷ ಅವನು ಗಾಡಿ ಸಮೇತ ಜಾರಿಬಿದ್ದು, ಎಡಪಾದ ಅದರ ಕೆಳಗೆ ಸಿಕ್ಕಿ, ಗೋಡೆ ಹಿಡಿದು ನಡೆಯುವಂತಾದಾಗ ಓಡಿಬಂದು ಆರೈಕೆ ಮಾಡಿದವಳು ಅವಳೊಬ್ಬಳೇ. ಹೊರಡುವ ಮುನ್ನ ಕಣಕಾಲು ಮುಚ್ಚುವ, ದಪ್ಪ ಮೂತಿಯ ಗಟ್ಟಿ ಬೂಟು ಕೊಡಿಸಿ, ಹಾಕಿಕೊಂಡೇ ಗಾಡಿ ಹತ್ತುತ್ತೇನೆ ಎಂದು ಆಣೆ ಮಾಡಿಸಿಕೊಂಡಿದ್ದಳು.

"ಬೂಟು ಹಾಕ್ಕೊಂಡಿದ್ಯೇನೋ ಇವತ್ತು?"

"ಹಾಕ್ಕೊಂಡಿದ್ದೆ ಅಕ್ಕ."

ಅರ್ಧ ಸುಳ್ಳು. ಅರ್ಧ ನಿಜ ಬಲಗಾಲಲ್ಲಿತ್ತು.

ಎಡಗಾಲಿನ ಬೂಟಿನ ಮೂತಿ ಗೇರ್ ಲಿವರಿನ ಕೆಳಗೆ ತೂರುತ್ತಲೇ ಇರಲಿಲ್ಲ. ಲಿವರ್ ಮೇಲೆತ್ತಲಾಗದೆ ಗಾಡಿ ಮೊದಲನೇ ಗೇರಿನಲ್ಲೇ ಅರಚುತ್ತಿತ್ತು. ಹಾಗಂತ ಅಕ್ಕನಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ನೀನು ಕೊಡಿಸಿದ್ದು ಆಗಿಬರಲಿಲ್ಲ ಅಂದರೆ ನೊಂದುಕೊಂಡಾಳು, ಫೋನ್ ಮಾಡುವುದನ್ನೇ ಬಿಟ್ಟಾಳು ಎಂಬ ಭಯ. ಆ ಫೋನೂ ನಿಂತರೆ ಮನೆಯಲ್ಲಿ ಸದ್ದು ಮಾಡುವುದು ನಲ್ಲಿಯೊಂದೇ.

ಒಂದು ಬೆಳಿಗ್ಗೆ ತಿರುವಿನಲ್ಲಿ ಯಾರೋ ರಸ್ತೆ ದಾಟುತ್ತಿದ್ದರೆಂದು ಅವನು ಗಾಡಿ ನಿಲ್ಲಿಸಿದ. ಹಿಂದಿನಿಂದ ಒಂದು ಸ್ಕೂಟರ್ ಕಿರ್‍ರೆಂದು ಬಂದು ಅವನ ಚಕ್ರಕ್ಕೆ ಬಡಿಯಿತು. ಬೈಕ್ ಎಡಕ್ಕೆ ವಾಲಿತು. ಹೇಗೋ ಕಾಲು ಎಳೆದುಕೊಂಡ. ಚಪ್ಪಲಿ ಮಾತ್ರ ಫುಟ್‌ರೆಸ್ಟಿನ ಕೆಳಗೆ ಸಿಕ್ಕಿ ಹರಿಯಿತು. ಅವನು ಹಿಂದಕ್ಕೆ ತಿರುಗಿದ.

"ನೋಡ್ಕೊಂಡು ಬರಬಾರ್ದೇನಮ್ಮಾ?"

ಸ್ಕೂಟರಿನಲ್ಲಿದ್ದವಳು ಅವನ ಕಟ್ಟಡದಲ್ಲೇ ಕೆಳಗಿನ ಮನೆಯವಳು. ಗಾಡಿ ಓಡಿಸಲು ಕಲಿಸುವ ಟೀಚರ್. ಇಷ್ಟು ವರ್ಷ ಮೆಟ್ಟಿಲ ಮೇಲೆ ಎದುರಾದಾಗ ತಲೆಯಾಡಿಸಿದ್ದು ಬಿಟ್ಟರೆ ಅವರಿಬ್ಬರ ನಡುವೆ ಮಾತೇ ಆಗಿರಲಿಲ್ಲ.

"ನೋಡ್ಕೊಂಡೇ ಬಂದೆ! ಮನೆ ಬಿಟ್ಟಾಗಿಂದ ನಿಮ್ಮ ಬ್ರೇಕ್ ದೀಪ ಉರೀತಾನೇ ಇದೆ. ನೀವು ನಿಲ್ಲಿಸ್ತಿದೀರೋ ಓಡಿಸ್ತಿದೀರೋ ಹಿಂದಿರೋರಿಗೆ ಹ್ಯಾಗೆ ಗೊತ್ತಾಗ್ಬೇಕು?"

"ಈ ತಿರುವಿನ ತನಕ ನಾನು ಬ್ರೇಕ್ ಮುಟ್ಟೇ ಇರ್ಲಿಲ್ಲ."

"ನೀವು ಮುಟ್ಟಿಲ್ಲ, ನಿಮ್ಮ ಬೂಟು ಮುಟ್ಟಿದೆ. ಹಿಂದಿನ ಚಕ್ರದ ನಡುವಿನ ಹತ್ರ ಕೈ ಒಡ್ಡಿ ನೋಡಿ. ಮುಟ್ಟಬೇಡಿ ಮತ್ತೆ!"

ಅಂಗೈಗೆ ಕಾವು ರಪ್ಪನೆ ಹೊಡೆಯಿತು. ಗಟ್ಟಿ ಬೂಟು ಕಣಕಾಲನ್ನು ಮಡಿಸಲು ಬಿಡುವುದಿಲ್ಲ. ಹಾಗಾಗಿ ಬಲಪಾದದ ತುದಿ ಇಡೀ ದಿನ ಬ್ರೇಕ್ ಪೆಡಲಿನ ಮೇಲೇ ಕೂತು ಬ್ರೇಕನ್ನು ಸವೆಸುತ್ತಿತ್ತು.

"ಹಾಳು ಬೂಟು. ಇವತ್ತೇ ಮೂಲೆಗೆ ಎಸೀತೀನಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಬೂಟಿಲ್ದಿದ್ರೆ ಕಾಲೇ ಹೋಗುತ್ತೆ, ಈಗಷ್ಟೇ ನೋಡಿದ್ರಲ್ಲ. ಎಡಗಾಲಿಗೆ ಚಪ್ಪಲಿ ಅಂದ್ರೆ ಬೂಟು ಗೇರ್ ಲಿವರಿನ ಕೆಳಗೆ ತೂರ್ತಿಲ್ಲ ತಾನೇ? ಲಿವರು, ಪೆಡಲು ಎರಡನ್ನೂ ಬೂಟಿಗೆ ತಕ್ಕ ಹಾಗೆ ಏರಿಸಿ ಇಳಿಸ್ಬೋದು."

"ಕಂಪನಿಯೋರು ಕೂರಿಸಿದ್ದನ್ನ ನಾವು ಮುಟ್ಬೋದಾ?"

"ಅವರು ನಿಮ್ಮ ಕಾಲು ನೋಡಿ ಕೂರಿಸಿದ್ರಾ? ಲಿಫ್ಟು ನೆಲಕ್ಕೆ ಸಮ ನಿಲ್ಲದಿದ್ರೆ ನೀವು ಏನ್ ಮಾಡ್ತೀರಿ? ಕಟ್ಟಡ ಒಡೀತೀರಾ?"

ಅವನಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. "ಲಿಫ್ಟು ಕೆಟ್ರೆ ದೂರು ಹೇಳೋಕೆ ಜನ ಇದಾರೆ ಟೀಚರ್. ನನ್ನ ಗಾಡಿ ಬಗ್ಗೆ ಯಾರು ಹೇಳ್ತಾರೆ?"

ಟೀಚರ್ ಸ್ಕೂಟರನ್ನು ಹಿಂದಕ್ಕೆ ಎಳೆದುಕೊಂಡಳು. "ಸಂಜೆ ಬೆಳಕಿರುವಾಗ್ಲೇ ಅಂಗಳಕ್ಕೆ ಬನ್ನಿ. ಎರಡೂ ಬೂಟು ಹಾಕ್ಕೊಂಡು ಬನ್ನಿ" ಎಂದಳು.

ಸಂಜೆ ಅವಳು ಅವನನ್ನು ಗಾಡಿಯ ಮೇಲೆ ಕೂರಿಸಿ ಮೊದಲು ಸುಮ್ಮನೆ ಕಾಲುಗಳನ್ನು ನೋಡಿದಳು. ಆಮೇಲೆ ಅವನ ಕೈಗೇ ಸ್ಪ್ಯಾನರ್ ಕೊಟ್ಟಳು. ಅವನು ಗೇರ್ ಲಿವರಿನ ಬೋಲ್ಟ್ ಬಿಚ್ಚಿ, ಲಿವರು ಕಚ್ಚಿಕೊಂಡಿದ್ದ ಹಲ್ಲುಹಲ್ಲಿನ ದಂಡದಿಂದ ಅದನ್ನು ಹೊರಗೆಳೆದ. ಮೇಲಕ್ಕೆ ಎರಡು ಹಲ್ಲು ಸರಿಸಿ ಕೂರಿಸಿದ.

"ಮೂತಿ ಕೆಳಗೆ ತೂರ್ತು!"

"ತೂರಿದ್ರೆ ಸಾಲ್ದು. ಮೇಲಿಂದ ಒತ್ತಿ ನೋಡಿ."

ಒತ್ತಲು ಕಾಲನ್ನೇ ಎತ್ತಬೇಕಾಯಿತು. ಒಂದು ಹಲ್ಲು ಇಳಿಸಿದ. ಈಗ ಎತ್ತಲೂ ಬಂತು, ಒತ್ತಲೂ ಬಂತು. ಬೋಲ್ಟ್ ಬಿಗಿ ಮಾಡಿದ. ಬ್ರೇಕ್ ಪೆಡಲಿನ ಎತ್ತರದ ಸ್ಕ್ರೂ ಕದಲದಂತೆ ಹಿಡಿದಿದ್ದ ಲಾಕ್‌ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ, ಬೂಟಿನ ತಳಕ್ಕೆ ತಾಗದಷ್ಟು ಪೆಡಲನ್ನು ತಗ್ಗಿಸಿದ. ಲಾಕ್‌ನಟ್ ಮತ್ತೆ ಬಿಗಿದ. ಟೀಚರ್ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೇರಿಸಿ ಹಿಂದಿನ ಚಕ್ರ ತಿರುಗಿಸಿದಳು. ತಡೆಯಿಲ್ಲದೆ ತಿರುಗಿತು. ಪೆಡಲ್ ಒತ್ತಿದಾಗ ಚಕ್ರ ನಿಂತು ಕೆಂಪು ದೀಪ ಹತ್ತಿತು, ಬಿಟ್ಟಾಗ ಆರಿತು. ಬಿಟ್ಟರೂ ದೀಪ ಆರದಿದ್ದರೆ, ಇಲ್ಲವೇ ಒತ್ತಿದರೂ ಹತ್ತದಿದ್ದರೆ, ಅದರ ಸ್ವಿಚ್ಚನ್ನೂ ಹೊಂದಿಸಬೇಕು ಎಂದಳು.

"ಈಗ್ಲೇ ದೊಡ್ಡ ರಸ್ತೆಗೆ ಹೋಗ್ಬೇಡಿ. ಇಲ್ಲೇ ನಿಧಾನಕ್ಕೆ ಸುತ್ತು ಹೊಡೀರಿ, ಕಾಲಿಗೆ ಅಭ್ಯಾಸ ಆಗ್ಲಿ."

ಅವನು ಅಂಗಳ ಸುತ್ತಿದ. ಅವಳು ಮನೆಗೆ ಹೋಗದೆ ನಿಂತು ನೋಡಿದಳು. ಅವನ ಮೇಲೆ ಇಷ್ಟು ಹೊತ್ತು ಒಬ್ಬರ ಕಣ್ಣಿದ್ದು ಎಷ್ಟು ಕಾಲವಾಗಿತ್ತೋ.

ಮೇಲೆ ಹೋಗುವಷ್ಟರಲ್ಲಿ ಅಕ್ಕನ ಫೋನ್. "ಬೂಟು ಹಾಕ್ಕೊಂಡಿದ್ಯೇನೋ?"

ಇವತ್ತು ಅವನಿಗೆ ಸುಳ್ಳು ಹೇಳಲಾಗಲಿಲ್ಲ. ಚಪ್ಪಲಿ, ಸ್ಕೂಟರು, ಇಷ್ಟು ದಿನ ಹೇಳಿದ ಅರ್ಧ ಸುಳ್ಳು, ಎಲ್ಲವನ್ನೂ ಹೇಳಿಬಿಟ್ಟ. ಇನ್ನು ಅಕ್ಕ ಫೋನ್ ಇಟ್ಟೇಬಿಡುತ್ತಾಳೆ ಅಂದುಕೊಂಡ.

"ಅಕ್ಕಾ... ಬೇಜಾರಾಯ್ತಾ?"

"ಮಂಕೇ, ಕಾಲು ಉಳೀತಲ್ಲ, ಸಾಕು. ನಾನು ದಿನಾ ಬೂಟಿನ ವಿಷ್ಯ ಕೇಳೋಕೇ ಫೋನ್ ಮಾಡ್ತಿದ್ದೆ ಅಂದ್ಕೊಂಡ್ಯಾ?" ಅಕ್ಕನ ದನಿ ಒಡೆಯಿತು. "ಇಲ್ಲೂ ಮನೇಲಿ ನಾನೊಬ್ಳೇ ಕಣೋ. ಏನಾದ್ರೂ ಒಂದು ಕೇಳ್ಬೇಕಲ್ಲ, ಅದಕ್ಕೆ ಬೂಟು ಅಂತಿದ್ದೆ."

ತನ್ನ ಒಂಟಿತನವನ್ನೇ ಹೊದ್ದು ಕೂತವನಿಗೆ ಅಕ್ಕನದು ಕಂಡೇ ಇರಲಿಲ್ಲ.

"ರಜೆ ದಿನ ನಾನೇ ಬರ್ತೀನಕ್ಕ. ಗಾಡೀಲೇ."

"ಅಷ್ಟು ದೂರಾನೇನೋ?"

"ಎರಡೂ ಬೂಟು ಹಾಕ್ಕೊಂಡು ಬರ್ತೀನಿ."

ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ದಪ್ಪ ಬೂಟು ಕೊಂಡ ದಿನವೇ ಅದನ್ನು ಹಾಕಿಕೊಂಡು ನಿಂತ ಗಾಡಿಯ ಮೇಲೆ ಕೂತು ನೋಡಿ. ಮೂತಿ ಗೇರ್ ಲಿವರಿನ ಕೆಳಗೆ ಸಲೀಸಾಗಿ ಹೋಗಬೇಕು, ಬ್ರೇಕಿನ ಮೇಲೆ ಕಾಲು ಸುಮ್ಮನೆ ಕೂರಬಾರದು. ನಿಮ್ಮ ಕೈಯಲ್ಲಿ ಆಗದಿದ್ದರೆ ಗ್ಯಾರೇಜಿಗೆ ಹೋಗಿ, ಆದರೆ ಬೂಟು ಹಾಕಿಕೊಂಡೇ ಹೋಗಿ. ಬೂಟು ಕಾಟ ಕೊಡುತ್ತಿದ್ದರೆ ಮುಚ್ಚಿಡಬೇಡಿ, ಯಾರಿಗಾದರೂ ಹೇಳಿ. ಕೇಳುವವರು ಯಾರೂ ಇಲ್ಲ ಎಂದು ನೀವು ಅಂದುಕೊಂಡಿರಬಹುದು. ನಿಮ್ಮ ಫೋನಿಗಾಗಿ ಕಾಯುತ್ತಿರುವವರೂ ಹಾಗೇ ಅಂದುಕೊಂಡಿರಬಹುದು.